ಮೈಗಾವಲಿನ ಚರಿತ್ರೆ: ಮೈಸೂರರಮನೆಯಿಂದ ಕಬಿನಿಯ ದಡದವರೆಗೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋಟೆಕೊತ್ತಲಗಳು, ಕಾಳಗಗಳು, ರಾಜರ ಪಟ್ಟಾಭಿಷೇಕಗಳು. ಆದರೆ ಮನುಷ್ಯನ ಮೈಯೊಳಗೆ ಹಗಲಿರುಳೂ ಎಚ್ಚರವಾಗಿರುವ ಒಂದು ಕಾವಲುಂಟು. ಆ ಕಾವಲನ್ನು ಮನುಷ್ಯನು ಸ್ವಲ್ಪ ಸ್ವಲ್ಪವಾಗಿ ಅರಿತುಕೊಂಡ ಬಗೆಗೂ ಒಂದು ಚರಿತ್ರೆಯುಂಟು. ಈ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ನಡೆದುದು ಕನ್ನಡ ನೆಲದಲ್ಲಿಯೇ. ಅದರ ಇತ್ತೀಚಿನ ಅಧ್ಯಾಯವೊಂದು ವಯನಾಡಿನ ಮುಳ್ಳನ್ಕೊಲ್ಲಿಯ ಸೀಮೆಯನ್ನೂ ಮುಟ್ಟಿದೆ. ಮುಳ್ಳನ್ಕೊಲ್ಲಿಯ ಅಂಚಿನಲ್ಲಿ ಕಬಿನಿ ಹರಿಯುತ್ತಾಳೆ. ಪೆರಿಕ್ಕಲ್ಲೂರಿನ ಕಡವಿನಲ್ಲಿ ದೋಣಿ ಹತ್ತಿದರೆ ಆಚೆಯ ದಡದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಎರಡು ರಾಜ್ಯಗಳ ನಡುವೆ ಗೆರೆಯೆಳೆದ ಆ ಹೊಳೆ ಕಾಡನ್ನು ಎರಡಾಗಿ ಕಡಿದಿಲ್ಲ. ಕಾಡಿನ ಮಂಗಗಳಿಗೂ ಅವುಗಳ ಮೈಮೇಲಿನ ಉಣುಗುಗಳಿಗೂ ಈ ಗೆರೆಯ ಹಂಗಿಲ್ಲ. ಆದಕಾರಣ ಮೈಗಾವಲಿನ ವಿಚಾರವನ್ನು ಇಲ್ಲಿಯ ಶಾಲೆಗಳ ಮಕ್ಕಳೂ ಉಪಾಧ್ಯಾಯರೂ ಪರೀಕ್ಷೆಗಾಗಿ ಮಾತ್ರವಲ್ಲದೆ ಬಾಳಿಗಾಗಿಯೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಶಬ್ದವನ್ನು ಪರಿಶೀಲಿಸೋಣ. ಗಾಯವಾದಲ್ಲಿ ಮೈ ತೋರುವ ವಿಕಾರಕ್ಕೆ ನಾವು ‘ಉರಿಯೂತ’ ಎನ್ನುತ್ತೇವೆ. ಉರಿ ಮತ್ತು ಊತ ಎಂಬ ಎರಡು ಲಕ್ಷಣಗಳು ಕೂಡಿ ಈ ಪದವಾಗಿದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮ್ ದೇಶದ ಸೆಲ್ಸಸ್ ಎಂಬ ಗ್ರಂಥಕಾರನು ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪಾಗುವುದು, ಬಾಯುವುದು, ಬಿಸಿಯೇರುವುದು, ನೋಯುವುದು. ನಮ್ಮ ದೇಶದ ಸುಶ್ರುತ ಸಂಹಿತೆಯು ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಹೇಳುತ್ತದೆ. ಹಸಿಯಾದುದು, ಹಣ್ಣಾಗುತ್ತಿರುವುದು, ಹಣ್ಣಾದುದು ಎಂದು ಇದರ ಅರ್ಥ. ಕುರು ‘ಹಣ್ಣಾಯಿತು’ ಎಂದು ಹಳ್ಳಿಯವರು ಇಂದಿಗೂ ಆಡುವ ಮಾತಿನಲ್ಲಿ ಈ ತಿಳಿವಳಿಕೆಯೇ ಇದೆ. ಹಿಂದಿನವರು ಕಣ್ಣಿಗೆ ಕಂಡುದನ್ನು ಸರಿಯಾಗಿಯೇ ಕಂಡಿದ್ದರು. ಆದರೆ ಈ ಉರಿಯನ್ನು ಹೊತ್ತಿಸುವವರು ಯಾರು? ಹೊರಗಿನಿಂದ ಬಂದ ಶತ್ರುವೇ, ಮೈಯೊಳಗಿನ ಕಾವಲುಗಾರನೇ? ಈ ಪ್ರಶ್ನೆಗೆ ಉತ್ತರ ದೊರೆಯಲು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

1882ರಲ್ಲಿ ರಷ್ಯದ ಪ್ರಾಣಿಶಾಸ್ತ್ರಜ್ಞ ಎಲೀ ಮೆಚ್ನಿಕಾಫನು ಇಟಲಿಯ ಮೆಸ್ಸಿನಾ ಎಂಬ ಕಡಲೂರಿನಲ್ಲಿದ್ದನು. ನಕ್ಷತ್ರಮೀನಿನ ಮರಿಗಳ ಮೈ ಗಾಜಿನಂತೆ ಪಾರದರ್ಶಕ. ಅದರೊಳಕ್ಕೆ ಅವನು ತನ್ನ ತೋಟದ ಗುಲಾಬಿಯ ಮುಳ್ಳುಗಳನ್ನು ಚುಚ್ಚಿ ಇರಿಸಿದನು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೈಯೊಳಗೆ ಅಲೆಯುವ ಕಣಗಳು ಬಂದು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನುಂಗಿ ಅರಗಿಸುವ ಕಣಗಳು ಮೈಯಲ್ಲಿವೆ ಎಂಬ ಸಿದ್ಧಾಂತವನ್ನು ಅವನು ಈ ನೋಟದ ಮೇಲೆ ಕಟ್ಟಿದನು. ಇದಾದ ಎಂಟು ವರ್ಷಗಳಿಗೆ, 1890ರಲ್ಲಿ, ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬವರು ಬೇರೊಂದು ಸಂಗತಿಯನ್ನು ತೋರಿಸಿದರು. ರೋಗದ ವಿಷಕ್ಕೆ ಪಳಗಿದ ಪ್ರಾಣಿಯ ರಕ್ತದ ತಿಳಿಯಲ್ಲಿಯೇ ಆ ವಿಷವನ್ನು ಮುರಿಯುವ ಪದಾರ್ಥವಿದೆ, ಅದನ್ನು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದೂ ಉಳಿಯುತ್ತದೆ ಎಂಬುದೇ ಆ ಸಂಗತಿ. ಕಾಯುವುದು ಕಣವೋ ದ್ರವವೋ ಎಂದು ಎರಡು ಪಕ್ಷಗಳು ವರ್ಷಗಟ್ಟಲೆ ವಾದಿಸಿದವು. 1908ರಲ್ಲಿ ನೊಬೆಲ್ ಬಹುಮಾನವನ್ನು ಮೆಚ್ನಿಕಾಫನಿಗೂ ದ್ರವಪಕ್ಷದ ಪಾಲ್ ಎರ್ಲಿಕನಿಗೂ ಸಮನಾಗಿ ಹಂಚಲಾಯಿತು. ಎರಡೂ ನಿಜವೆಂದು ಕಾಲ ತೀರ್ಪುಕೊಟ್ಟಿತು.

ಈಗ ನಾವು ತಿಳಿದಿರುವುದಿಷ್ಟು. ಅಂಗಾಲಿಗೆ ಮುಳ್ಳು ಚುಚ್ಚಿತೆನ್ನಿ. ಒಡೆದ ಚರ್ಮದೊಳಗೆ ರೋಗಾಣುಗಳು ನುಗ್ಗುತ್ತವೆ. ಅಲ್ಲಿ ಮೊದಲೇ ನೆಲೆಸಿರುವ ಕಾವಲು ಕಣಗಳು ಅವನ್ನು ಹೊರಗಿನವೆಂದು ಗುರುತಿಸಿ ಕೆಲವು ರಾಸಾಯನಿಕಗಳನ್ನು ಸೂಸುತ್ತವೆ. ಅವುಗಳಲ್ಲಿ ಸೈಟೊಕೈನುಗಳೆಂಬ ಸುದ್ದಿವಾಹಕ ಪದಾರ್ಥಗಳು ಮುಖ್ಯವಾದುವು. ಇವುಗಳ ಪ್ರಭಾವದಿಂದ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚಾಗಿ ಹರಿಯುತ್ತದೆ. ಆದುದರಿಂದ ಕೆಂಪು ಮತ್ತು ಬಿಸಿ. ನಾಳಗಳ ಗೋಡೆ ಸಡಿಲಗೊಂಡು ನೀರು ಹೊರಕ್ಕೆ ಜಿನುಗುತ್ತದೆ, ಆದುದರಿಂದ ಊತ. ನರಗಳ ತುದಿಗಳು ಕೆರಳುತ್ತವೆ; ಆದುದರಿಂದ ನೋವು. ಸಡಿಲಗೊಂಡ ಗೋಡೆಯ ಸಂದಿನಿಂದಲೇ ಬಿಳಿಯ ರಕ್ತಕಣಗಳು ಹೊರಬಿದ್ದು ಗಾಯದತ್ತ ಧಾವಿಸುತ್ತವೆ. ಕಾದಿ ಸತ್ತ ಈ ಕಣಗಳೇ ಕೀವಿನ ಬಹುಭಾಗ. ಸುದ್ದಿವಾಹಕಗಳು ರಕ್ತದಲ್ಲಿ ಬೆರೆತು ಮಿದುಳನ್ನು ಮುಟ್ಟಿದರೆ ಮಿದುಳು ಮೈಯ ಶಾಖವನ್ನು ಏರಿಸುತ್ತದೆ, ಅದೇ ಜ್ವರ. ಹೀಗೆ ಕೆಂಪು, ಊತ, ಬಿಸಿ, ನೋವು, ಜ್ವರ ಇವೆಲ್ಲ ಬಹುಮಟ್ಟಿಗೆ ನಮ್ಮ ಮೈಯ ಕೆಲಸವೇ ಹೊರತು ರೋಗಾಣುವಿನ ಕೆಲಸವಲ್ಲ. ಅಂಗಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ ಗಂಟು ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಗಂಟು ಈ ಕಾವಲಿನ ಠಾಣೆ. ಶತ್ರುವಿನ ಗುರುತನ್ನು ಅಲ್ಲಿಗೆ ಒಯ್ದು, ಆ ಗುರುತಿಗೆ ಹೊಂದುವ ಕಣಗಳನ್ನು ಲಕ್ಷಗಟ್ಟಲೆ ಬೆಳೆಸಲಾಗುತ್ತದೆ. ಅವುಗಳಲ್ಲಿ ಬಿ ಎಂಬ ವರ್ಗ ಪ್ರತಿಕಾಯಗಳನ್ನು ತಯಾರಿಸುತ್ತದೆ; ಟಿ ಎಂಬ ವರ್ಗ ರೋಗ ಹೊಕ್ಕ ಕಣಗಳನ್ನೇ ಹುಡುಕಿ ಕೊಲ್ಲುತ್ತದೆ, ಉಳಿದವರನ್ನು ನಡೆಸುತ್ತದೆ. ರೋಗ ಇಳಿದ ಮೇಲೆ ಇವುಗಳಲ್ಲಿ ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಮತ್ತೆ ಅದೇ ಶತ್ರು ಬಂದರೆ ಬೇಗನೆ ಗುರುತಿಸುತ್ತವೆ. ಇದೇ ಮೈಯ ನೆನಪು.

ಈ ನೆನಪಿನ ಒಳಗುಟ್ಟನ್ನು ಅರಿಯುವುದಕ್ಕೆ ಬಹಳ ಮೊದಲೇ ಜನ ಅದನ್ನು ಬಳಸುತ್ತಿದ್ದರು. ಸಿಡುಬು ಒಮ್ಮೆ ಬಂದು ಬದುಕಿದವನಿಗೆ ಮತ್ತೆ ಬರುವುದಿಲ್ಲವೆಂಬುದು ಅನುಭವದ ಮಾತು. ಆದುದರಿಂದ ರೋಗಿಯ ಗುಳ್ಳೆಯ ರಸವನ್ನೋ ಒಣಗಿದ ಹೊಪ್ಪಳೆಯನ್ನೋ ಆರೋಗ್ಯವಂತರಿಗೆ ಕೊಟ್ಟು ಹಗುರವಾದ ಸಿಡುಬನ್ನು ಬರಿಸುವ ಪದ್ಧತಿ ಭಾರತದಲ್ಲಿಯೂ ಇತ್ತು. ಅದರಲ್ಲಿ ಅಪಾಯವೂ ಇತ್ತು. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ರಸವೂ ಅದೇ ರಕ್ಷಣೆಯನ್ನು ಕೊಡುವುದೆಂದು ತೋರಿಸಿದನು. ಆಗ ಶೀತಪೆಟ್ಟಿಗೆಗಳಿರಲಿಲ್ಲ, ಲಸಿಕೆ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಸಾಗಬೇಕು. ಹೀಗೆ ಸಾಗಿ ಅದು 1802ರ ಜೂನಿನಲ್ಲಿ ಮುಂಬಯಿಗೆ ಮುಟ್ಟಿತು. ಇನ್ನೊಬ್ಬರ ಮೈಯ ರಸವನ್ನು ತಮ್ಮ ಮೈಗೆ ಸೇರಿಸಿಕೊಳ್ಳಲು ಜನ ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಮೈಸೂರಿನ ಅರಮನೆಯ ಪಾತ್ರವನ್ನು ನೆನೆಯಬೇಕು. 1805ರಲ್ಲಿ ತಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಬಾಲಕರು. ದಿವಾನ್ ಪೂರ್ಣಯ್ಯನವರ ಆಡಳಿತದ ಕಾಲ. ಚಿತ್ರದಲ್ಲಿ ಬಲಗಡೆಯ ಯುವತಿ ಸೆರಗನ್ನು ಸರಿಸಿ ತನ್ನ ತೋಳಿನ ಮೇಲ್ಭಾಗವನ್ನು ಬೆರಳಿನಿಂದ ತೋರುತ್ತಿದ್ದಾಳೆ. ಅವಳು ದೇವಾಜಮ್ಮಣ್ಣಿ, ಅವಳು ತೋರುತ್ತಿರುವುದು ಲಸಿಕೆ ಹಾಕಿದ ಜಾಗ, ಎಡಗಡೆಯವಳ ಮುಖದ ಬಣ್ಣಗೆಟ್ಟ ಭಾಗ ಹಳೆಯ ಪದ್ಧತಿಯ ಗುರುತು, ನಡುವೆ ಇರುವವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಎಂದು ಇತ್ತೀಚಿನ ಇತಿಹಾಸಕಾರರು ಅರ್ಥೈಸಿದ್ದಾರೆ. ಅಂತಃಪುರದ ಸ್ತ್ರೀಯರು ಪರರ ಕಣ್ಣಿಗೆ ಬೀಳದಿದ್ದ ಕಾಲದಲ್ಲಿ ಹೀಗೆ ತೋಳು ತೋರಿ ನಿಂತುದು ಪ್ರಜೆಗಳ ಹಿಂಜರಿಕೆಯನ್ನು ಕಳೆಯುವುದಕ್ಕಾಗಿ ಎಂಬುದು ಅವರ ವಾದ. ಈ ಅರ್ಥ ಒಪ್ಪಿಗೆಯಾದರೆ, ಭಾರತದಲ್ಲಿ ಲಸಿಕೆಯ ಪ್ರಚಾರಕ್ಕೆ ನಿಂತ ಮೊದಲಿಗರಲ್ಲಿ ಕನ್ನಡನಾಡಿನ ರಾಣಿಯೊಬ್ಬಳನ್ನು ಎಣಿಸಬೇಕಾಗುತ್ತದೆ. ಜನಸಾಮಾನ್ಯರು ಲಸಿಕೆಗೆ ‘ದೇವಿ ಹಾಕಿಸುವುದು’ ಎಂದರು. ಹೊಸದನ್ನು ತಮ್ಮ ಹಳೆಯ ಮಾತಿನಲ್ಲಿಯೇ ಒಳಕ್ಕೆ ಕರೆದುಕೊಂಡರು. 1975ರಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಕಂಡುಬಂದರು; 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು.

ಸಿಡುಬಿನ ಈ ಗೆಲುವನ್ನು ಕಂಡವರಿಗೆ ಎಲ್ಲ ರೋಗಗಳೂ ಹೀಗೆಯೇ ಮಣಿಯುವುವೆಂದು ತೋರುವುದು ಸಹಜ. ಹಾಗಲ್ಲವೆಂಬುದನ್ನು ಮಲೆನಾಡಿನ ಇನ್ನೊಂದು ರೋಗ ತೋರಿಸಿತು.

1957ರ ಬೇಸಿಗೆಯಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ಕಡುಜ್ವರ ಬಂದು ಕೆಲವರು ತೀರಿಕೊಂಡರು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೋ ಮೊದಲಾದ ವಿಜ್ಞಾನಿಗಳು ಅಲ್ಲಿಗೆ ಬಂದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರವು ಭಾರತಕ್ಕೂ ಬಂದಿತೇ ಎಂಬುದೇ ಅವರ ಮೊದಲ ಭಯ. ಪರೀಕ್ಷೆಯಲ್ಲಿ ದೊರೆತುದು ಅದಲ್ಲ, ಲೋಕಕ್ಕೆ ಅಲ್ಲಿಯವರೆಗೆ ತಿಳಿಯದಿದ್ದ ಹೊಸ ವೈರಾಣು. ರಷ್ಯದ ಕಾಡುಗಳಲ್ಲಿ ಮಿದುಳಿನ ಜ್ವರವನ್ನು ತರುವ ವೈರಾಣುವಿನ ಹತ್ತಿರದ ಬಂಧು. ವಿಜ್ಞಾನಿಗಳು ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನಿಟ್ಟರು. ಜನರು ಮಂಗನ ಕಾಯಿಲೆಯೆಂದರು. ಮಲಯಾಳದಲ್ಲಿ ಅದು ಕುರಙ್ಙುಪನಿ. ಮಂಗ ಇದರಲ್ಲಿ ಅಪರಾಧಿಯಲ್ಲ, ನಮ್ಮಂತೆಯೇ ಬಲಿಪಶು. ರೋಗವನ್ನು ಹೊತ್ತು ತರುವುದು ಉಣುಗು. ಸತ್ತ ಮಂಗದ ಮೈಯಿಂದ ಉದುರಿದ ಉಣುಗು ಎಲೆ, ಹುಲ್ಲುಗಳ ಮೇಲೆ ಕಾದಿದ್ದು, ಸೌದೆಗೋ ತರಗೆಲೆಗೋ ಬಂದವರ ಮೈಗೇರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ.

ಮುಳ್ಳು ಚುಚ್ಚಿದರೆ ಮೈ ಕೂಡಲೇ ಕೂಗುತ್ತದೆ. ಉಣುಗು ಕಚ್ಚಿದರೆ ಆ ಹೊತ್ತಿಗೆ ತಿಳಿಯುವುದೇ ಇಲ್ಲ. ಇದಕ್ಕೆ ಕಾರಣವೇನು? ಉಣುಗಿನ ಜೊಲ್ಲಿನಲ್ಲಿ ನೋವನ್ನು ಅಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಉರಿಯೂತವನ್ನು ತಣಿಸುವ ಪದಾರ್ಥಗಳಿವೆ. ಕಾವಲುಗಾರನಿಗೆ ಮಂಕುಬೂದಿ ಎರಚಿ ಅದು ತನ್ನ ಊಟವನ್ನು ಮುಗಿಸುತ್ತದೆ. ಆ ಮೌನದಲ್ಲಿ ವೈರಾಣುವೂ ಒಳಸೇರುತ್ತದೆ. ನಾವು ಬೈಯುವ ಉರಿ, ಊತಗಳು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಆದರೆ ಎಚ್ಚತ್ತ ಕಾವಲು ಹದ ತಪ್ಪಿದರೂ ಕೇಡೇ. ವೈರಾಣು ಹೊಕ್ಕ ಮೂರರಿಂದ ಎಂಟು ದಿನಗಳಲ್ಲಿ ಚಳಿ, ತೀವ್ರ ಜ್ವರ, ತಲೆನೋವು, ಸೊಂಟ ಕೈಕಾಲುಗಳ ಕಡುನೋವು ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಬಿಳಿಯ ಕಣಗಳೂ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳೂ ಇಳಿಯುತ್ತವೆ. ಕೆಲವರಲ್ಲಿ ವಸಡು, ಮೂಗು, ಕರುಳುಗಳಿಂದ ರಕ್ತ ಸೋರುತ್ತದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಕೆಲವು ದಿನಗಳಾದ ಮೇಲೆ ಮತ್ತೆ ಬರುತ್ತದೆ; ಆಗ ತಲೆನೋವು, ಕುತ್ತಿಗೆಯ ಬಿಗಿತ, ನಡುಕ, ಭ್ರಮೆ ಮೊದಲಾದ ಮಿದುಳಿನ ಲಕ್ಷಣಗಳೂ ಜೊತೆಗೂಡುತ್ತವೆ. ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಇಂಥ ಜ್ವರಗಳಲ್ಲಿ ವೈರಾಣು ಮಾಡುವ ಹಾನಿಯೊಂದು, ಅದನ್ನು ಅಟ್ಟಲು ಮೈ ಹೊತ್ತಿಸಿದ ಉರಿಯಿಂದಾಗುವ ಹಾನಿ ಮತ್ತೊಂದು. ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಅಂಗಾಲಿನಲ್ಲಿ ಉಪಕಾರಿಯಾದುದು ಅಲ್ಲಿ ಮಾರಕ. 2020ರಲ್ಲಿ ಕೋವಿಡ್ ಪಿಡುಗಿನ ನಡುವೆ ಲೋಕಕ್ಕೆಲ್ಲ ಈ ಪಾಠವಾಯಿತು. ಉಸಿರಿಗೆ ಪರದಾಡುತ್ತಿದ್ದ ರೋಗಿಗಳಲ್ಲಿ ಸಾವನ್ನು ಕಡಮೆ ಮಾಡಿದ ಡೆಕ್ಸಾಮೆಥಾಸೋನ್ ಎಂಬ ಔಷಧ ವೈರಾಣುವನ್ನು ಕೊಲ್ಲುವುದಲ್ಲ, ಉರಿಯೂತವನ್ನು ತಗ್ಗಿಸುವುದು. ರೋಗ ಹಗುರವಾಗಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕಾವಲನ್ನು ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಎಂಬ ವಿವೇಚನೆ ವೈದ್ಯರಿಗೇ ಕಷ್ಟ. ಅದನ್ನು ಅಂಗಡಿಯ ಮಾತ್ರೆಗೆ ಒಪ್ಪಿಸುವುದು ಸಲ್ಲದು.

ಮಂಗನ ಕಾಯಿಲೆಗೆ ಲಸಿಕೆ ಹುಡುಕಿದ ಕಥೆ ಬೋಧಪ್ರದವಾದುದು. ರಷ್ಯದ ರೋಗದ ವೈರಾಣು ಇದರ ಬಂಧುವಾದುದರಿಂದ ಅದಕ್ಕೆಂದು ತಯಾರಿಸಿದ ಲಸಿಕೆಯನ್ನೇ ಶಿವಮೊಗ್ಗ ಜಿಲ್ಲೆಯ ಜನರಿಗೆ ಕೊಟ್ಟುನೋಡಲಾಯಿತು. 1962ರಲ್ಲಿ ಪ್ರಕಟವಾದ ಪರಿಶೀಲನೆಯಂತೆ ಅದರಿಂದ ರಕ್ಷಣೆ ದೊರೆಯಲಿಲ್ಲ. ಹಸುವಿನ ಸಿಡುಬಿನ ನೆನಪು ಮನುಷ್ಯನ ಸಿಡುಬಿಗೆ ಸಾಕಾಗಿತ್ತು. ಇಲ್ಲಿ ಬಂಧುವಿನ ನೆನಪು ಸಾಕಾಗಲಿಲ್ಲ. 1966ರ ವೇಳೆಗೆ ಈ ವೈರಾಣುವನ್ನೇ ಕೋಳಿಯ ಭ್ರೂಣದ ಕಣಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿ ಲಸಿಕೆ ಸಿದ್ಧಪಡಿಸಿದರು. 1990ರಿಂದ 1992ರವರೆಗೆ ನಡೆದ ದೊಡ್ಡ ಪ್ರಯೋಗದಲ್ಲಿ ಎರಡು ಸಲ ಹಾಕಿಸಿಕೊಂಡವರಿಗೆ ಶೇಕಡ 93.5ರಷ್ಟು ರಕ್ಷಣೆ ಸಿಕ್ಕಿತೆಂದು ವರದಿಯಾಯಿತು. ಆದರೆ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದನ್ನು ಶೇಕಡ 62.4 ಎಂದಿತು, ಮೂರನೆಯ ಬಾರಿಯೂ ಹಾಕಿಸಿಕೊಂಡವರಿಗೆ ಶೇಕಡ 82.9. ಅಂದರೆ ನಿರ್ಜೀವ ವೈರಾಣುವಿನ ನೆನಪು ಬೇಗ ಮಾಸುತ್ತದೆ, ವರ್ಷವರ್ಷವೂ ತೋಳೊಡ್ಡಬೇಕು. ಚುಚ್ಚಿದ ಜಾಗದಲ್ಲಿ ಏಳುವ ಉರಿ, ಊತಗಳೋ ಕಠಿಣ. ದಿನಗೂಲಿಯವನಿಗೆ ತೋಳು ಬಾತರೆ ಅಂದಿನ ಅನ್ನಕ್ಕೆ ಸಂಚಕಾರ. ಎಷ್ಟೋ ಜನ ಮೊದಲ ಸಲ ಹಾಕಿಸಿಕೊಂಡು ಮತ್ತೆ ಬರಲಿಲ್ಲ. ಅವರನ್ನು ಅಜ್ಞಾನಿಗಳೆಂದು ಬೈದು ಮುಗಿಸುವುದು ನ್ಯಾಯವಲ್ಲ. ಶಕ್ತಿ ಸಾಲದೆಂಬ ಕಾರಣದಿಂದ 2022ರಲ್ಲಿ ಕರ್ನಾಟಕದಲ್ಲಿ ಈ ಲಸಿಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ಹೊಸ ಲಸಿಕೆಯೊಂದನ್ನು ರೂಪಿಸುವ ಕಾರ್ಯ ಕೈಗೊಳ್ಳಲಾಗಿದೆ.

ಈ ನಡುವೆ ರೋಗ ತನ್ನ ಹುಟ್ಟೂರನ್ನು ಬಿಟ್ಟು ನಡೆಯಿತು. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ ದೊಡ್ಡದಾಗಿ ಹಬ್ಬಿತು. 2012ರ ಕೊನೆಗೆ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತುವು, ಜನರಿಗೂ ರೋಗ ತಗಲಿತು. 2013ರಲ್ಲಿ ವಯನಾಡಿನಲ್ಲಿ ಅದು ದೃಢಪಟ್ಟಿತು. 2015ರ ಬೇಸಿಗೆಯಲ್ಲಿ ಪುಲ್ಪಳ್ಳಿ, ಮುಳ್ಳನ್ಕೊಲ್ಲಿಗಳ ಕಡೆಯೂ ಸೇರಿದಂತೆ ವಯನಾಡಿನ ಕಾಡಂಚಿನಲ್ಲಿ ನೂರರ ಸುಮಾರು ಜನರಿಗೆ ಈ ಜ್ವರ ಬಂದಿತು. ಹತ್ತು ಹನ್ನೊಂದು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಕಾಡನ್ನೇ ನಂಬಿ ಬಾಳುವ ಬುಡಕಟ್ಟುಗಳವರು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಮತ್ತೆ ತತ್ತರಿಸಿತು. ಸೊರಬದವರು 1957ರಲ್ಲಿ ಕಲಿತುದನ್ನು ಕಬಿನಿಯ ದಡದವರು ಐವತ್ತಾರು ವರ್ಷಗಳ ಮೇಲೆ ಹೊಸದಾಗಿ ಕಲಿಯಬೇಕಾಯಿತು.

ಮೈಯ ನೆನಪಿಗೆ ಒಂದು ಮಿತಿಯುಂಟು: ತಾನು ಕಂಡುದನ್ನು ಮಾತ್ರ ಅದು ಬಲ್ಲದು, ತಂದೆ ಪಡೆದ ನೆನಪು ಮಗನ ರಕ್ತಕ್ಕೆ ಇಳಿಯುವುದಿಲ್ಲ. ತಾಯಿ ಕೂಸಿಗೆ ಕೊಡುವ ಪ್ರತಿಕಾಯಗಳು ಕೂಡ ಕೆಲವು ತಿಂಗಳಿಗೆ ತೀರುತ್ತವೆ. ಅಕ್ಷರಕ್ಕೆ ಈ ಮಿತಿಯಿಲ್ಲ. ಒಬ್ಬರು ನೊಂದು ಕಲಿತುದನ್ನು ನೋಯದೆಯೇ ಕಲಿಯಲು ಇನ್ನೊಬ್ಬರಿಗೆ ಸಾಧ್ಯವಾಗುವುದು ಶಾಲೆಯಲ್ಲಿ. ಆದುದರಿಂದ ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ಕಾರ್ತಿಕ ಕಳೆದು ಮುಂಗಾರು ಬರುವವರೆಗಿನ ಒಣ ತಿಂಗಳುಗಳೇ ಈ ರೋಗದ ಕಾಲ. ಆಗ ಕಾಡಿನಲ್ಲಿ ಮಂಗ ಸತ್ತು ಬಿದ್ದುದನ್ನು ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸುವಂತೆ ಮಕ್ಕಳಿಗೆ ಹೇಳಿಕೊಡಿ. ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಕಾರ್ಯಕರ್ತರು ಕೊಡುವ ತೈಲವನ್ನು ಹಚ್ಚಿಕೊಳ್ಳಲಿ. ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆದು, ಮೈಯಲ್ಲಿ ಉಣುಗಿದೆಯೇ ಎಂದು ಒಬ್ಬರನ್ನೊಬ್ಬರು ನೋಡಿಕೊಳ್ಳಲಿ. ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಲಿ. ಇದಕ್ಕೆಂದೇ ಮೀಸಲಾದ ಔಷಧ ಇನ್ನೂ ಇಲ್ಲ; ಬೇಗ ಆರೈಕೆ ದೊರೆತವರು ಉಳಿಯುವ ಸಂಭವ ಹೆಚ್ಚು.

ಉಣುಗು ಕಚ್ಚುವಾಗ ಮೈಗಾವಲು ಮಲಗಿರುತ್ತದೆ. ಆ ಹೊತ್ತಿನಲ್ಲಿ ಎಚ್ಚರವಾಗಿರಬೇಕಾದುದು ತಿಳಿವಳಿಕೆ. ಕಬಿನಿಯ ಈಚೆಯವರೂ ಆಚೆಯವರೂ ಈ ತಿಳಿವಳಿಕೆಯನ್ನು ತಮ್ಮ ತಮ್ಮ ನುಡಿಗಳಲ್ಲಿ ಹಂಚಿಕೊಂಡು, ಒಂದು ದಡದಲ್ಲಿ ಮಂಗ ಸತ್ತ ಸುದ್ದಿ ಅಂದೇ ಇನ್ನೊಂದು ದಡಕ್ಕೆ ಮುಟ್ಟುವಂತೆ ನೋಡಿಕೊಂಡರೆ, ಬರುವ ಬೇಸಿಗೆಗಳಲ್ಲಿ ಕೆಲವು ಮನೆಗಳಾದರೂ ದುಃಖದಿಂದ ಪಾರಾಗುವುವು.